ಬಾಳಿಕೆಯೇ ಸಾಧನೆಯ ಒರೆಗಲ್ಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂದು ಬೋಧಿಸುವ ಆ ಅಕ್ಷರಗಳು ಇಪ್ಪತ್ತೆರಡು ಶತಮಾನಗಳ ಮಳೆಬಿಸಿಲನ್ನು ಸಹಿಸಿ ಉಳಿದಿರುವುದು ಕೆತ್ತಿದವನ ಕೌಶಲದಿಂದ ಮಾತ್ರವಲ್ಲ, ಅವನ್ನು ಹೊತ್ತ ಬಂಡೆಯ ದಾರ್ಢ್ಯದಿಂದ. ಆಧಾರವು ಕುಸಿದರೆ ಆಧೇಯವು ನಿಲ್ಲದು. ಈ ತತ್ತ್ವವು ಇಂದಿನ ವಿಜ್ಞಾನದ ಒಂದು ದೊಡ್ಡ ತೊಡಕಿಗೂ ಅನ್ವಯಿಸುತ್ತದೆ.

ಜಲಜನಕವನ್ನೂ ಆಮ್ಲಜನಕವನ್ನೂ ಕೂಡಿಸಿ, ಹೊಗೆಯಿಲ್ಲದೆ ವಿದ್ಯುತ್ತನ್ನು ಕೊಡುವ ಇಂಧನಕೋಶದ ಮೂಲತತ್ತ್ವವನ್ನು ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ತೋರಿಸಿದ್ದನು. ಇಂದು ಬಳಕೆಯಲ್ಲಿರುವ ಇಂತಹ ಕೋಶಗಳಲ್ಲಿ ಕ್ರಿಯೆಯನ್ನು ತ್ವರೆಗೊಳಿಸುವ ವೇಗವರ್ಧಕವೆಂದರೆ ಸಾಮಾನ್ಯವಾಗಿ ಇಂಗಾಲದ ಪುಡಿಯ ಮೇಲೆ ಹರಡಿದ ಪ್ಲಾಟಿನಂ ಕಣಗಳು. ಒಂದೊಂದರ ಗಾತ್ರ ಕೆಲವೇ ನ್ಯಾನೊಮೀಟರ್. ವೇಗವರ್ಧಕವು ತಾನು ವ್ಯಯವಾಗದೆಂದು ಪಠ್ಯಪುಸ್ತಕವು ಹೇಳುತ್ತದೆ. ವ್ಯವಹಾರದಲ್ಲಾದರೋ, ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದಂತೆಲ್ಲ ಚಿಕ್ಕ ಕಣಗಳು ಕರಗಿ ದೊಡ್ಡವನ್ನು ಸೇರುತ್ತವೆ. ಕ್ರಿಯೆಗೆ ಒದಗುವ ಮೇಲ್ಮೈ ಕುಗ್ಗುತ್ತದೆ. ಆಧಾರವಾದ ಇಂಗಾಲವೇ ಉತ್ಕರ್ಷಣೆಗೊಂಡು ಅನಿಲವಾಗಿ ಹೋಗುತ್ತದೆ. ಆದುದರಿಂದಲೇ ವಿಜ್ಞಾನಿಗಳು ಗ್ರಾಫೈಟಿನಂತೆ ಬಿಗಿಯಾದ ಇಂಗಾಲವನ್ನೂ ಲೋಹದ ಆಕ್ಸೈಡುಗಳನ್ನೂ ಆಧಾರವಾಗಿ ಪರೀಕ್ಷಿಸುತ್ತಿದ್ದಾರೆ.

2024ರ ಜನವರಿ 1ರಂದು ಹಾರಿದ ಪಿ.ಎಸ್.ಎಲ್.ವಿ.-ಸಿ58ರ ವೇದಿಕೆಯಲ್ಲಿ ಇಸ್ರೋ ಸಂಸ್ಥೆಯು ಇಂಧನಕೋಶದಿಂದ 180 ವಾಟ್ ವಿದ್ಯುತ್ತನ್ನು ಪಡೆಯಿತು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಭಾರದ ಲಾರಿಗಳ ಕೋಶಕ್ಕೆ ಅಮೆರಿಕದ ಇಂಧನ ಇಲಾಖೆಯು 2030ಕ್ಕೆ ಇರಿಸಿರುವ ಗುರಿ 25,000 ಗಂಟೆಗಳ ಬಾಳಿಕೆ. ಮೊದಲ ದಿನದ ಬೆಳಕಿಗೆ ಚಪ್ಪಾಳೆಯುಂಟು. ಇಪ್ಪತ್ತೈದು ಸಾವಿರದ ಗಂಟೆಯಲ್ಲಿಯೂ ಆ ಬೆಳಕು ಮಂಕಾಗದಂತೆ ದುಡಿಯುವವನನ್ನು ನೋಡುವವರಿಲ್ಲ. ಈ ದೃಷ್ಟಿ ಬದಲಾಗಬೇಕು.

ಚಳ್ಳಕೆರೆಯ ಕುದಾಪುರದಲ್ಲಿ, ದನಕುರಿಗಳು ಮೇಯುತ್ತಿದ್ದ ಕಾವಲಿನ ನೆಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವು ತಲೆಯೆತ್ತಿದೆ. ಅಲ್ಲಿ ಶಾಲಾ ಅಧ್ಯಾಪಕರಿಗೆ ವಿಜ್ಞಾನದ ತರಬೇತಿಯೂ ದೊರೆಯುತ್ತದೆ. ಹುಲ್ಲುಗಾವಲನ್ನು ಬಿಟ್ಟುಕೊಟ್ಟ ಸೀಮೆಯ ಮಕ್ಕಳಿಗೆ ಆ ವಿದ್ಯೆಯಲ್ಲಿ ಪಾಲು ಸಲ್ಲಬೇಕಾದುದು ನ್ಯಾಯ. ಅದಕ್ಕೆ ಶಾಲೆಗಳು ಸಿದ್ಧವಾಗಬೇಕು. ಅಧ್ಯಾಪಕರು ಒಂದೇ ಪ್ರಯೋಗವನ್ನು ವರ್ಷವಿಡೀ ಮತ್ತೆ ಮತ್ತೆ ಮಾಡಿಸಿ, ಫಲದ ಏರಿಳಿತವನ್ನು ಬರೆದಿಡುವ ತಾಳ್ಮೆಯನ್ನು ಕಲಿಸಲಿ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಪ್ರಯೋಗಶಾಲೆಯ ವಾರ್ಷಿಕ ನಿರ್ವಹಣೆಗೂ ಕೊಡಲಿ. ಈ ಎರಡನೆಯ ದಾನಕ್ಕೆ ಶಿಲಾಫಲಕವಿರದು. ಆದರೆ ವಿದ್ಯೆಗೆ ಬಂಡೆಯಂತಹ ಆಧಾರವಾಗಿ ನಿಲ್ಲುವುದು ಅದೇ.