‘ಅರೆಕ’ ಶಬ್ದದ ಮೂಲವಿಚಾರ

ಅಡಿಕೆಯ ಮರಕ್ಕೆ ಸಸ್ಯಶಾಸ್ತ್ರಜ್ಞರು ಲ್ಯಾಟಿನ್ ಭಾಷೆಯಲ್ಲಿ ‘ಅರೆಕ ಕಟೆಚು’ ಎಂದು ಹೆಸರಿಟ್ಟಿರುವರು. ಈ ‘ಅರೆಕ’ವು ಕನ್ನಡದ ‘ಅಡಿಕೆ’ಯೇ ಎಂದೂ, ತೀರ್ಥಹಳ್ಳಿಯ ತೋಟದ ಮಾತು ಯುರೋಪನ್ನೇ ಗೆದ್ದಿತೆಂದೂ ಅಭಿಮಾನಿಗಳಲ್ಲಿ ಕೆಲವರು ಹೇಳುವುದುಂಟು. ಅಭಿಮಾನವು ಶ್ಲಾಘ್ಯವೇ, ಆದರೆ ಅಭಿಮಾನವು ಪ್ರಮಾಣವಾಗಲಾರದು.

ಮೊದಲನೆಯದಾಗಿ, ಇದು ಪ್ರಾಚೀನ ರೋಮನರು ಬಳಸಿದ ಶಬ್ದವಲ್ಲ. ಸ್ವೀಡನ್ ದೇಶದ ಲಿನೇಯಸನು 1753ರ ತನ್ನ ಗ್ರಂಥದಲ್ಲಿ ಇದಕ್ಕೆ ಲ್ಯಾಟಿನ್ ವೇಷವನ್ನು ತೊಡಿಸಿದನು. ಅದಕ್ಕೆ ಮುನ್ನ ಇದನ್ನು ಯುರೋಪಿನಲ್ಲಿ ಹರಡಿದವರು ಪೋರ್ಚುಗೀಸರು. ಸಂಸ್ಕೃತದ ಪೂಗ, ಕ್ರಮುಕಗಳಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾದರೆ ಪೋರ್ಚುಗೀಸರು ಇದನ್ನು ಯಾರ ಬಾಯಿಂದ ಕೇಳಿದರು? ವಿವಾದವಿರುವುದು ಇಲ್ಲಿಯೇ.

ಪರದೇಶಿಗಳ ನಾಲಗೆಯಲ್ಲಿ ಡಕಾರವು ರಕಾರವಾಗುವುದು, ‘ಕನ್ನಡ’ವು ‘ಕನರಾ’ ಆದಂತೆ, ಎಂಬುದು ಕನ್ನಡ ಪಕ್ಷದವರ ವಾದ. ಒಪ್ಪತಕ್ಕ ಮಾತೇ. ಆದರೆ ಮಲಯಾಳದ ‘ಅಡಕ್ಕ’ದಲ್ಲಿಯೂ ಅದೇ ಡಕಾರವಿದೆಯಷ್ಟೆ! ತಮಿಳಿನ ‘ಅಡೈಕ್ಕಾಯ್’ ಸಹ ಇವುಗಳ ಒಡಹುಟ್ಟೇ. ಒಡಹುಟ್ಟಿದವರಲ್ಲಿ ಊರು ಬಿಟ್ಟು ಹೋದವನು ಯಾರೆಂಬುದು ಮುಖದ ಹೋಲಿಕೆಯಿಂದ ತೀರ್ಮಾನವಾಗದು. ಅದಕ್ಕೆ ದಾಖಲೆಯೇ ಬೇಕು.

ದಾಖಲೆಯು ಹೇಳುವುದೇನು? 1498ರಲ್ಲಿ ವಾಸ್ಕೋ ಡ ಗಾಮನು ಬಂದಿಳಿದುದು ಕಲ್ಲಿಕೋಟೆಯ ಬಳಿಯಲ್ಲಿ. 1510ರಲ್ಲಿ ರೋಮಿನಲ್ಲಿ ಅಚ್ಚಾದ ವರ್ತೆಮನ ಪ್ರವಾಸಕಥನದಲ್ಲಿ ಈ ಮರದ ಹೆಸರು ಬರುವುದು ಕಲ್ಲಿಕೋಟೆಯ ದೊರೆಯ ಊಟೋಪಚಾರವನ್ನು ವರ್ಣಿಸುವಲ್ಲಿ. 1563ರಲ್ಲಿ ಗೋವೆಯಲ್ಲಿ ತನ್ನ ಗ್ರಂಥವನ್ನು ಅಚ್ಚುಹಾಕಿಸಿದ ವೈದ್ಯ ಗಾರ್ಸಿಯಾ ದ ಒರ್ತನು, ಮಲಬಾರಿನ ನಾಯರು ಇದನ್ನು ‘ಅರೆಕ’ ಎನ್ನುವರೆಂದು ಬರೆದಿರುವನು. ಹೊನ್ನಾವರ, ಭಟ್ಕಳಗಳಲ್ಲಿಯೂ ಪೋರ್ಚುಗೀಸರ ವ್ಯಾಪಾರವಿದ್ದುದು ದಿಟ. ಆದರೆ ವ್ಯಾಪಾರವಿದ್ದ ಮಾತ್ರಕ್ಕೆ ಶಬ್ದವು ಅಲ್ಲಿಂದಲೇ ಹೋಯಿತೆಂದು ಸಿದ್ಧವಾಗದು. ತಕ್ಕಡಿಯು ಮಲಯಾಳದ ಕಡೆಗೇ ಬಾಗುವುದು.

ಇದರಿಂದ ಕನ್ನಡಕ್ಕೆ ಎಳ್ಳಷ್ಟೂ ನಷ್ಟವಿಲ್ಲ. ನಷ್ಟವಾಗುತ್ತಿರುವುದು ಬೇರೆಡೆಯಲ್ಲಿ. ಸಿಂಗಾರ, ಚೊಗರು, ಹಸ, ಬೆಟ್ಟೆ, ರಾಶಿ, ಗೊರಬಲು, ಮೆಟ್ಟುಗತ್ತಿ, ಕೊನೆಗಾರ: ಅಡಿಕೆಯ ಸುತ್ತ ಮಲೆನಾಡಿಗರು ಕಟ್ಟಿಕೊಂಡ ಶಬ್ದಸಂಪತ್ತು ಎಷ್ಟು! ಸುಲಿಯುವ ಯಂತ್ರವು ಬಂದ ಮನೆಗಳಲ್ಲಿ ಮೆಟ್ಟುಗತ್ತಿಯು ಅಟ್ಟವನ್ನು ಸೇರಿದೆ; ವಸ್ತುವಿನ ಹಿಂದೆಯೇ ಹೆಸರೂ ಮರೆಯಾಗುವುದು. ಲಿನೇಯಸನ ಪುಟದಲ್ಲಿನ ಒಂದು ಶಬ್ದಕ್ಕಾಗಿ ವಾದಿಸುವವರು, ತಮ್ಮ ಅಂಗಳದಲ್ಲಿಯೇ ಇರುವ ನೂರು ಶಬ್ದಗಳನ್ನು ಹಿರಿಯರ ಬಾಯಿಂದ ಕೇಳಿ ಇಂದೇ ಬರೆದಿಡಲಿ. ಅವುಗಳ ಒಡೆತನಕ್ಕೆ ಯಾರೂ ವ್ಯಾಜ್ಯ ಹೂಡಲಾರರು.