ಸ್ಮಾರಕ, ಪ್ರಭುತ್ವ ಮತ್ತು ಲೇಖಕ: ಪ್ಯಾರಿಸ್ಸಿನ ಪ್ಯಾಂಥಿಯಾನ್ ಕುರಿತು ಒಂದು ಟಿಪ್ಪಣಿ

ತನ್ನ ಮಾನ್ಯರಿಗೆ ನಾಡೊಂದು ಕಟ್ಟುವ ಸ್ಮಾರಕವನ್ನು ನಾವು ಸಾಮಾನ್ಯವಾಗಿ ಕೃತಜ್ಞತೆಯ ಅಭಿವ್ಯಕ್ತಿಯೆಂದೇ ಗ್ರಹಿಸುತ್ತೇವೆ. ಆದರೆ ಯಾರು ಮಾನ್ಯರು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳು ಎದುರಾದೊಡನೆ ಸ್ಮಾರಕವು ಅಧಿಕಾರದ ವಿಷಯವಾಗಿಬಿಡುತ್ತದೆ. ಪ್ಯಾರಿಸ್ಸಿನ ಪ್ಯಾಂಥಿಯಾನ್ ಈ ಮಾತಿಗೆ ಉತ್ತಮ ನಿದರ್ಶನ.

ಕಾಯಿಲೆಯಿಂದ ಗುಣಮುಖನಾದರೆ ಸಂತ ಜೆನೆವಿಯೆವ್‌ಳಿಗೆ ಹೊಸ ದೇವಾಲಯ ಕಟ್ಟಿಸುವೆನೆಂದು ಹದಿನೈದನೆಯ ಲೂಯಿ 1744ರಲ್ಲಿ ಹರಕೆ ಹೊತ್ತನು. ವಾಸ್ತುಶಿಲ್ಪಿ ಸೂಫ್ಲೊ ಗ್ರೀಕ್ ಮತ್ತು ರೋಮನ್ ಮಾದರಿಯ ಕಂಬಸಾಲು, ಗುಮ್ಮಟಗಳುಳ್ಳ ನವಅಭಿಜಾತ ಶೈಲಿಯ ಇಗರ್ಜಿಯನ್ನು ರೂಪಿಸಿದನು. ಅದು ಮುಗಿಯುವ ಹೊತ್ತಿಗೆ ಕ್ರಾಂತಿ ಸಂಭವಿಸಿತ್ತು. 1791ರಲ್ಲಿ ರಾಷ್ಟ್ರೀಯ ಸಭೆಯು ಅದನ್ನು ಮಾನ್ಯರ ಸಮಾಧಿಮಂದಿರವೆಂದು ಘೋಷಿಸಿತು. ಕಿಟಕಿಗಳನ್ನು ಮುಚ್ಚಿಸಿ ಒಳಗಿನ ಬೆಳಕನ್ನೇ ಬದಲಿಸಲಾಯಿತು. ಮುಂದೆ 1806ರಲ್ಲಿ ನೆಪೋಲಿಯನ್ ಅದನ್ನು ಪೂಜೆಗೆ ಮರಳಿಸಿದನು. 1830ರಲ್ಲಿ ಮತ್ತೆ ಸ್ಮಾರಕ, 1851ರಲ್ಲಿ ಮತ್ತೆ ಇಗರ್ಜಿ, 1885ರಿಂದ ಸ್ಮಾರಕ. ಪ್ರಭುತ್ವ ಬದಲಾದಂತೆಲ್ಲ ಕಟ್ಟಡದ ಅರ್ಥವೂ ಬದಲಾಯಿತು.

ಒಳಗಿರುವವರ ಸ್ಥಾನವೂ ಸ್ಥಿರವಾಗಿರಲಿಲ್ಲ. ಮೊದಲು ಪ್ರವೇಶ ಪಡೆದ ಮಿರಬೋ, ಅರಸನೊಡನೆ ನಡೆಸಿದ್ದ ಗುಪ್ತ ವ್ಯವಹಾರ ಬಯಲಾದ ಕಾರಣ 1794ರಲ್ಲಿ ಹೊರಬಿದ್ದನು. ಅದೇ ವರ್ಷ ಒಳಬಂದ ಮರಾ ಮರುವರ್ಷವೇ ಹೊರಹೋದನು. ಹಾಗಿದ್ದರೂ ವೊಲ್ತೇರ್ ಮತ್ತು ರೂಸೊ ಇಂದಿಗೂ ಅಲ್ಲಿದ್ದಾರೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದುದು ಲೇಖಕರ ವಿಚಾರವನ್ನು. 1851ರಲ್ಲಿ ಈ ಕಟ್ಟಡವನ್ನು ಇಗರ್ಜಿಗೆ ಮರಳಿಸಿದ ಲೂಯಿ ನೆಪೋಲಿಯನ್ನನ ಆಳ್ವಿಕೆಯನ್ನು ವಿರೋಧಿಸಿಯೇ ವಿಕ್ಟರ್ ಹ್ಯೂಗೊ ದೇಶಭ್ರಷ್ಟನಾದನು. 1885ರಲ್ಲಿ ಅದೇ ಹ್ಯೂಗೊನ ಶವಸಂಸ್ಕಾರದ ನಿಮಿತ್ತ ಕಟ್ಟಡವು ಮತ್ತೆ ಸ್ಮಾರಕವಾಯಿತು. ಡ್ರೇಫಸ್ ಪರವಾಗಿ ಬರೆದುದಕ್ಕೆ 1898ರಲ್ಲಿ ಶಿಕ್ಷೆಗೆ ಗುರಿಯಾಗಿ ಇಂಗ್ಲೆಂಡಿಗೆ ಹೋಗಬೇಕಾಗಿ ಬಂದ ಎಮಿಲ್ ಜೋಲಾನ ಅವಶೇಷಗಳನ್ನು 1908ರಲ್ಲಿ ಇಲ್ಲಿಗೆ ತರಲಾಯಿತು. ಆ ಸಮಾರಂಭದಲ್ಲಿಯೇ ಡ್ರೇಫಸ್‌ನ ಮೇಲೆ ಗುಂಡು ಹಾರಿಸಲಾಯಿತು. ಅವನ ತೋಳಿಗೆ ಗಾಯವಾಯಿತು. ಬದುಕಿದ್ದಾಗ ಶಿಕ್ಷಿಸಿದ ಪ್ರಭುತ್ವವೇ ಸತ್ತ ಮೇಲೆ ಪುರಸ್ಕರಿಸುವುದು ಪಶ್ಚಾತ್ತಾಪವೂ ಹೌದು, ಲೇಖಕನ ಪ್ರತಿರೋಧವನ್ನು ತನ್ನದಾಗಿಸಿಕೊಳ್ಳುವ ಉಪಾಯವೂ ಹೌದು. 2009ರಲ್ಲಿ ಆಲ್ಬೆರ್ ಕಾಮುವನ್ನು ಇಲ್ಲಿಗೆ ತರುವ ಪ್ರಸ್ತಾಪಕ್ಕೆ ಅವನ ಮಗ ಒಪ್ಪಲಿಲ್ಲ. ಕಾಮು ಲೂರ್ಮರೆಂ ಎಂಬ ಹಳ್ಳಿಯಲ್ಲಿಯೇ ಉಳಿದನು. ಆ ನಿರಾಕರಣೆಗೂ ಒಂದು ಘನತೆಯಿದೆ.

ಕಟ್ಟಡದ ಮುಂಭಾಗದ ಬರಹವನ್ನು ಕನ್ನಡಿಸುವವರು 'ಮಹಾಪುರುಷರಿಗೆ' ಎಂದೇ ಆರಂಭಿಸಬೇಕಾಗುತ್ತದೆ. ಫ್ರೆಂಚಿನ ಮೂಲಪದದಲ್ಲಿ 'ಮನುಷ್ಯ' ಮತ್ತು 'ಗಂಡಸು' ಎಂಬೆರಡು ಅರ್ಥಗಳೂ ಬೆರೆತಿವೆ. ನಮ್ಮ ಪದದಲ್ಲಿಯೂ ಆ ಪಕ್ಷಪಾತ ಅಡಗಿದೆ. 1907ರಲ್ಲಿ ಸೋಫಿ ಬೆರ್ತೆಲೊ ಇಲ್ಲಿ ಸ್ಥಾನ ಪಡೆದುದು ವಿಜ್ಞಾನಿಯ ಪತ್ನಿಯಾಗಿ. ಸ್ವಂತ ಸಾಧನೆಯಿಂದ ಮಹಿಳೆಯೊಬ್ಬರು ಒಳಬರಲು, ಅಂದರೆ ಮೇರಿ ಕ್ಯೂರಿಯವರಿಗೆ, 1995ರವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಹುಟ್ಟಿದ ಕಪ್ಪು ಕಲಾವಿದೆ ಜೋಸೆಫಿನ್ ಬೇಕರ್ ಅವರಿಗೆ 2021ರಲ್ಲಿ, ನಾತ್ಸಿಗಳ ವಿರುದ್ಧ ಹೋರಾಡಿದ ಅರ್ಮೇನಿಯನ್ ಕವಿ ಮಿಸಾಕ್ ಮನೂಶಿಯಾನ್ ಅವರಿಗೆ 2024ರಲ್ಲಿ ಈ ಗೌರವ ಸಂದಿತು. ಬರಹ ಬದಲಾಗಲಿಲ್ಲ, ಅದರ ಅರ್ಥವ್ಯಾಪ್ತಿ ವಿಸ್ತರಿಸಿತು.

ಇಷ್ಟಾದರೂ ಇಂದು ಆಯ್ಕೆಯ ನಿರ್ಧಾರ ರಾಷ್ಟ್ರಾಧ್ಯಕ್ಷರೊಬ್ಬರದೇ ಆಗಿರುವುದು ಗಣರಾಜ್ಯದ ಆಶಯಕ್ಕೆ ಒಪ್ಪುವಂಥದಲ್ಲ. ಅದು ಸಂಸತ್ತಿನ ಬಹಿರಂಗ ಚರ್ಚೆಗೆ ಒಳಪಡಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಕಟ್ಟಡದ ನಿಜವಾದ ಮೌಲ್ಯವಿರುವುದು ಅಲ್ಲಿ ಮಲಗಿರುವವರ ಮಹತ್ತಿನಲ್ಲಿ ಮಾತ್ರವಲ್ಲ, ಅವರ ಕುರಿತು ನಾಡು ನಡೆಸಿದ ಎರಡು ಶತಮಾನಗಳ ಜಗಳದಲ್ಲಿ. ಜಗಳ ನಿಂತ ದಿನ ಸ್ಮಾರಕವು ಬರಿಯ ಗೋರಿಯಾಗುತ್ತದೆ. ಲೇಖಕರ ಮಟ್ಟಿಗಂತೂ ಓದುಗರೇ ಕೊನೆಯ ಆಶ್ರಯ. ಓದದೆ ಗೌರವಿಸುವುದು ಮರೆವಿನ ಇನ್ನೊಂದು ರೂಪವಷ್ಟೆ.