ಫೋಕಸ್ಸನ್ನು ಕ್ಯಾಮೆರಾದ ಊಹೆಗೆ ಬಿಡುವುದೇಕೆ?

ಕೂಟದ ಕಾರ್ಯಕ್ರಮ ಮುಗಿದ ಮರುದಿನ ಬರುವ ಚಿತ್ರಗಳನ್ನು ನೋಡಿದವರಿಗೆ ಇದು ಹೊಸತಲ್ಲ: ಹಾಡುವ ಮಗುವಿನ ಮುಖ ಮಸುಕು, ಎದುರಿನ ಮೈಕು ಮಾತ್ರ ಸ್ಫುಟ. ಕಾರಣ ಕೇಳಿದರೆ ಸಿಗುವ ಉತ್ತರಗಳು ಎರಡೇ. ಕ್ಯಾಮೆರಾ ಹಳೆಯದು, ಇಲ್ಲವೇ ಆಟೋದಲ್ಲಿಯೇ ಇತ್ತಲ್ಲ. ಎರಡನ್ನೂ ನಾವು ಒಪ್ಪುವುದಿಲ್ಲ.

ನಿಮ್ಮ ಮಗಳು ಯಾರೆಂದು ಕ್ಯಾಮೆರಾಕ್ಕೆ ತಿಳಿಯದು. ಎಲ್ಲಿ ಫೋಕಸ್ ಮಾಡಬೇಕೆಂಬುದನ್ನೂ ಅದಕ್ಕೇ ಬಿಟ್ಟರೆ, ಹತ್ತಿರ ಇರುವುದನ್ನೋ ಅಂಚು ಸ್ಪಷ್ಟವಾಗಿರುವುದನ್ನೋ ಹಿಡಿಯುವುದೇ ಹೆಚ್ಚು. ಮಂದ ಬೆಳಕಿನ ಸಭಾಂಗಣದಲ್ಲಿ ಮೈಕು, ದೀಪದ ಕಂಬ, ಬ್ಯಾನರಿನ ದಪ್ಪ ಅಕ್ಷರ ಇವೆಲ್ಲ ಮುಖಕ್ಕಿಂತ ಸುಲಭದ ತುತ್ತು. ಕಣ್ಣನ್ನೇ ಗುರುತಿಸುವ ಹೊಸ ಕ್ಯಾಮೆರಾಗಳು ನೆರವಾಗುತ್ತವೆ, ನಿಜ. ಆದರೆ ವೇದಿಕೆಯ ಮೇಲೆ ಹತ್ತು ಮಕ್ಕಳಿದ್ದರೆ ಯಾರ ಕಣ್ಣು? ಬಣ್ಣ ಬಳಿದು ಕಿರೀಟ ತೊಟ್ಟ ಯಕ್ಷಗಾನ ವೇಷದ ಮುಂದೆ ಅವು ತಡವರಿಸುವುದನ್ನೂ ಕಂಡಿದ್ದೇವೆ.

ಭಾಷಣಕ್ಕೆ, ಸನ್ಮಾನಕ್ಕೆ, ಸಾಲಾಗಿ ನಿಂತ ಕುಟುಂಬಕ್ಕೆ ಎಎಫ್-ಎಸ್ ಸಾಕು. ಕ್ಯಾನನ್‌ನಲ್ಲಿ ಅದರ ಹೆಸರು ಒನ್ ಶಾಟ್. ಗುಂಡಿಯನ್ನು ಅರ್ಧ ಒತ್ತಿದೊಡನೆ ಫೋಕಸ್ ಅಲ್ಲಿಯೇ ಸ್ಥಿರವಾಗುತ್ತದೆ. ಆದುದರಿಂದಲೇ ನೃತ್ಯಕ್ಕೆ ಅದು ಸಲ್ಲದು: ಮಗು ಎರಡು ಹೆಜ್ಜೆ ಮುಂದೆ ಬಂದರೆ ಫೋಕಸ್ ಹಿಂದೆಯೇ ಉಳಿಯುತ್ತದೆ. ಅಲ್ಲಿ ಬೇಕಾದುದು ಎಎಫ್-ಸಿ, ಕ್ಯಾನನ್‌ನವರ ಸರ್ವೋ; ಬೆರಳು ಒತ್ತಿರುವಷ್ಟು ಹೊತ್ತೂ ಅದು ಚಲನೆಯನ್ನು ಬೆನ್ನಟ್ಟುತ್ತದೆ. ಇವೆರಡರ ನಡುವಿನ ಎಎಫ್-ಎ, ವಸ್ತು ನಿಂತಿದೆಯೋ ಚಲಿಸುತ್ತಿದೆಯೋ ಎಂದು ತಾನೇ ಊಹಿಸುತ್ತದೆ. ವೇದಿಕೆಗೆ ಅದು ಬೇಡವೇ ಬೇಡ. ಯಾವ ವಿಧಾನವಾದರೂ ಒಂದೇ ಫೋಕಸ್ ಬಿಂದುವನ್ನು ಆರಿಸಿ ಮುಖದ ಮೇಲೆ ಇಡಿ. (ಷಟರ್ ನಿಧಾನವಾಗಿದ್ದರೆ ಬರುವ ಮಸುಕು ಬೇರೆಯೇ ರೋಗ, ಅದಕ್ಕೆ ಈ ಔಷಧ ನಾಟದು.)

ಕೈಯಿಂದಲೇ ಫೋಕಸ್ ಮಾಡುವೆವೆನ್ನುವ ನಮ್ಮ ವಯಸ್ಸಿನವರಿಗೆ ವೈದ್ಯರಾಗಿ ಒಂದು ಮಾತು. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿಗಿಯಾಗುತ್ತದೆ. ಚಾಳೀಸು ಎಂಬ ಹೆಸರು ಸುಮ್ಮನೆ ಬಂದುದಲ್ಲ. ಬರಿಗಣ್ಣನ್ನು ನಂಬದೆ, ಪರದೆಯ ಮೇಲೆ ದೃಶ್ಯವನ್ನು ಹಿಗ್ಗಿಸಿ ನೋಡಿ.

ಹಳೆಯ ಕ್ಯಾಮೆರಾವನ್ನು ದೂರುವವರು ಟಿ.ಎನ್.ಎ. ಪೆರುಮಾಳ್ ಅವರನ್ನು ನೆನೆಯಲಿ. ಆಟೋಫೋಕಸ್ ವ್ಯವಸ್ಥೆಯನ್ನು ಒಡಲಲ್ಲಿಯೇ ಹೊತ್ತ ಮಿನೋಲ್ಟಾ 7000 ಬಂದುದು 1985ರಲ್ಲಿ. ಬೆಂಗಳೂರಿನ ಆ ವನ್ಯಜೀವಿ ಛಾಯಾಗ್ರಾಹಕರು ಅದಕ್ಕೂ ಎಷ್ಟೋ ಮೊದಲು ಹಕ್ಕಿಗಳನ್ನು ಸೆರೆಹಿಡಿದಿದ್ದರು. ಚಿತ್ರ ಮೊದಲು, ಫೋಕಸ್ ಆಮೇಲೆ ಎಂಬ ಆಸೆ ಹುಟ್ಟಿಸಿದ ನಮ್ಮ ನೆರೆಯ ಮೌಂಟನ್ ವ್ಯೂನ ಲೈಟ್ರೋ ಸಂಸ್ಥೆಯೂ 2018ರಲ್ಲಿ ಬಾಗಿಲು ಮುಚ್ಚಿತು.

ಹಿಂದೊಮ್ಮೆ ಹಿರಿಯರೊಬ್ಬರಿಗೆ ಶಾಲು ಹೊದಿಸಿದ ಗಳಿಗೆಯನ್ನು ನಾವೇ ಆಟೋದಲ್ಲಿ ತೆಗೆದೆವು. ಅವರು ತೀರಿಕೊಂಡಾಗ ಮನೆಯವರು ಆ ಚಿತ್ರವನ್ನು ಕೇಳಿದರು. ಬ್ಯಾನರಿನ ಒಂದೊಂದು ಅಕ್ಷರವೂ ಓದುವಂತಿತ್ತು. ಅವರ ಮುಖ ಮಾತ್ರ ಮಸುಕಾಗಿತ್ತು. ಬೇರೆ ಚಿತ್ರ ಇರಲಿಲ್ಲ.

ಮುಂದಿನ ಕಾರ್ಯಕ್ರಮದ ಛಾಯಾಗ್ರಹಣಕ್ಕೆ ಹೆಸರು ಕೊಡುವವರು ದಯವಿಟ್ಟು ತಾಲೀಮಿನ ದಿನವೇ ಕ್ಯಾಮೆರಾ ತನ್ನಿ. ಅರ್ಧ ಗಂಟೆ ಜೊತೆಗೆ ಕುಳಿತು ಈ ವಿಧಾನಗಳನ್ನು ವೇದಿಕೆಯ ಬೆಳಕಿನಲ್ಲಿಯೇ ಪರೀಕ್ಷಿಸೋಣ.